ಹಿಡಿ ಮಣ್ಣಿನ ಹಕ್ಕು: ಏಥೆನ್ಸಿನ ಶವಸಂಸ್ಕಾರ ಮತ್ತು ರುದ್ರನಾಟಕದ ಹೆಣ್ಣು

ಏಥೆನ್ಸಿನ ಮೂವರು ಮಹಾಕವಿಗಳಾದ ಈಸ್ಕಿಲಸ್, ಸೊಫೊಕ್ಲಿಸ್ ಮತ್ತು ಯೂರಿಪಿಡೀಸರ ಹೆಸರಿನಲ್ಲಿ ಇಡಿಯಾಗಿ ಉಳಿದುಬಂದಿರುವ ರುದ್ರನಾಟಕಗಳು 32. ಅವುಗಳಲ್ಲಿ ಹೆಣ್ಣು ಪಾತ್ರವೇ ಇಲ್ಲದ ನಾಟಕ ಒಂದೇ ಒಂದು, ಅದು ಕ್ರಿ.ಪೂ. 409ರಲ್ಲಿ ರಂಗಕ್ಕೆ ಬಂದ ಸೊಫೊಕ್ಲಿಸನ ‘ಫಿಲೊಕ್ಟೆಟಿಸ್’. ಉಳಿದವುಗಳಲ್ಲೆಲ್ಲ ರಾಣಿಯರು, ಸೆರೆಯಾಳುಗಳು, ದಾದಿಯರು, ಕೆಲವೊಮ್ಮೆ ದೇವತೆಯರು ಬಂದು ನಿಂತು ಮಾತನಾಡುತ್ತಾರೆ, ವಾದಿಸುತ್ತಾರೆ, ಶಪಿಸುತ್ತಾರೆ, ಹಲವು ಸಲ ಕೊಲ್ಲುತ್ತಾರೆ. ಅದೇ ನಗರದಲ್ಲಿ, ಅದೇ ಶತಮಾನದಲ್ಲಿ, ಪೆರಿಕ್ಲೀಸನೆಂಬ ಜನನಾಯಕನು ಯುದ್ಧದಲ್ಲಿ ಮಡಿದವರ ಸಮಾಧಿಯ ಬಳಿ ನಿಂತು, ಹೊಗಳಿಕೆಗಾಗಲಿ ತೆಗಳಿಕೆಗಾಗಲಿ ಗಂಡಸರ ನಾಲಗೆಯ ಮೇಲೆ ಆದಷ್ಟು ಕಡಿಮೆ ಸುಳಿಯುವುದೇ ಹೆಣ್ಣಿಗೆ ಕೀರ್ತಿ ಎಂಬರ್ಥದ ಮಾತನ್ನು ವಿಧವೆಯರಿಗೆ ಹೇಳಿದನೆಂದು ಇತಿಹಾಸಕಾರ ಥ್ಯೂಸಿಡಿಡೀಸ್ ದಾಖಲಿಸಿದ್ದಾನೆ. ಹೆಸರೆತ್ತಬಾರದೆಂದು ಹೇಳಲಾದವಳ ಹೆಸರನ್ನೇ ಸಾವಿರಾರು ಪ್ರೇಕ್ಷಕರ ಮುಂದೆ ವರ್ಷವರ್ಷವೂ ಎತ್ತಿ ಆಡಿಸುತ್ತಿದ್ದ ನಗರ ಅದು.

ಈ ವೈರುಧ್ಯಕ್ಕೆ ವಿದ್ವಾಂಸರು ಕೊಟ್ಟಿರುವ ಸಮಾಧಾನಗಳು ಹಲವು. ಕವಿಗಳಿಗೆ ಒದಗಿದ ಪುರಾಣಕಥೆಗಳಲ್ಲಿಯೇ ಇಂಥ ಹೆಂಗಸರು ಇದ್ದರು ಎಂಬುದು ಒಂದು. ಗಂಡಸರು ತಮ್ಮ ಅಂಜಿಕೆಗಳನ್ನು ಹೆಣ್ಣಿನ ವೇಷದಲ್ಲಿ ಹೊರಗಿಟ್ಟು ನೋಡಿಕೊಂಡರು ಎಂಬುದು ಇನ್ನೊಂದು. ಎರಡರಲ್ಲಿಯೂ ಹುರುಳಿದೆಯಾದರೂ, ಕಾನೂನಿನ ಕಣ್ಣಿನಲ್ಲಿ ಬಾಯಿಯೇ ಇಲ್ಲದ ಹೆಣ್ಣು ರಂಗದ ಮೇಲೆ ಯಾವ ಬಲದಿಂದ ದೊರೆಗೆ ಎದುರುತ್ತರ ಕೊಡುತ್ತಾಳೆ, ಆ ಎದುರುತ್ತರವನ್ನು ಪ್ರೇಕ್ಷಕರು ನಂಬುವಂತೆ ಮಾಡಿದ್ದು ಯಾವುದು ಎಂಬ ಪ್ರಶ್ನೆಗೆ ಅವು ಉತ್ತರ ಕೊಡುವುದಿಲ್ಲ. ಆ ಉತ್ತರವನ್ನು ಸಾವಿನ ಮನೆಯಲ್ಲಿ ಹುಡುಕಬೇಕಾಗುತ್ತದೆ. ಹೆಣಕ್ಕೆ ಸ್ನಾನ ಮಾಡಿಸುವುದು, ಹಾಡಿಕೊಂಡು ಅಳುವುದು, ಗೋರಿಗೆ ತರ್ಪಣ ಎರೆಯುವುದು ಇವು ಗ್ರೀಕ್ ಹೆಂಗಸರ ಕೈಯಲ್ಲಿದ್ದ ಹಳೆಯ ಕೆಲಸಗಳು. ರುದ್ರನಾಟಕದ ಹೆಣ್ಣು ಬಹುಮಟ್ಟಿಗೆ ಈ ಕೆಲಸವನ್ನೇ ಬಿಗಿಯಾಗಿ ಹಿಡಿದುಕೊಂಡು, ಅದನ್ನು ಕೊನೆಯವರೆಗೂ ನಡೆಸಿ ತೀರುವ ಹಟದಿಂದಲೇ ಅಧಿಕಾರಕ್ಕೆ ಎದುರಾಗುತ್ತಾಳೆ. ಅವಳ ದಂಗೆ ಶುರುವಾಗುವುದು ಅವಳಿಗೆ ವಿಧಿಸಿದ್ದ ಕರ್ತವ್ಯದಿಂದಲೇ.

ನಾಟಕಗಳು ನಡೆಯುತ್ತಿದ್ದುದು ವಸಂತದ ಆರಂಭದಲ್ಲಿ, ಡಯೊನೈಸಸ್ ದೇವರ ಮಹೋತ್ಸವದಲ್ಲಿ, ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿದ್ದ ಬಯಲು ರಂಗದಲ್ಲಿ. ಕವಿ ಗಂಡಸು, ಹಣ ಕೊಡುವ ಶ್ರೀಮಂತ ಗಂಡಸು, ತೀರ್ಪುಗಾರರು ಗಂಡಸರು. ಮುಖವಾಡ ತೊಟ್ಟು ಎಲ್ಲ ಪಾತ್ರಗಳನ್ನೂ ಹಂಚಿಕೊಳ್ಳುತ್ತಿದ್ದ ಮೂವರು ನಟರೂ ಹಾಡಿ ಕುಣಿಯುವ ಮೇಳದವರೂ ಗಂಡಸರೇ. ನೋಡುವವರಲ್ಲಿ ಹೆಂಗಸರು ಇದ್ದರೋ ಇಲ್ಲವೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಹೊರಗಿನ ಬದುಕಿನಲ್ಲಿ ಹೆಣ್ಣಿಗೆ ಹುಟ್ಟಿನಿಂದ ಸಾಯುವವರೆಗೆ ‘ಕ್ಯೂರಿಯೊಸ್’ ಎಂಬ ಒಬ್ಬ ಯಜಮಾನ ಇರಲೇಬೇಕಿತ್ತು. ಮೊದಲು ತಂದೆ, ಆಮೇಲೆ ಗಂಡ, ಅವರಿಲ್ಲದಿದ್ದರೆ ಅಣ್ಣತಮ್ಮ, ಮಗ ಅಥವಾ ಹತ್ತಿರದ ನಂಟ. ಅವಳ ಮದುವೆ ಗೊತ್ತು ಮಾಡುವವನೂ ನ್ಯಾಯಾಲಯದಲ್ಲಿ ಅವಳ ಪರವಾಗಿ ನಿಲ್ಲುವವನೂ ಅವನೇ. ಅವಳು ಸ್ವತಂತ್ರವಾಗಿ ಮಾಡಬಹುದಾಗಿದ್ದ ವ್ಯವಹಾರದ ಮಿತಿ ಒಂದು ಮೆಡಿಮ್ನೊಸ್ ಬಾರ್ಲಿ, ಅಂದರೆ ಸುಮಾರು 50 ಲೀಟರ್ ಹಿಡಿಯುವ ಅಳತೆಯ ಧಾನ್ಯದ ಬೆಲೆ. ಒಂದು ಸಂಸಾರದ ಕೆಲವು ದಿನಗಳ ಊಟಕ್ಕೆ ಆಗುವಷ್ಟು, ಅದಕ್ಕಿಂತ ಹೆಚ್ಚಿಲ್ಲ.

ಸಾವು ಬಂದ ಮನೆಯಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತಿತ್ತು. ಉಸಿರು ನಿಂತೊಡನೆ ಕಣ್ಣು ಬಾಯಿ ಮುಚ್ಚಿ, ಮೈ ತೊಳೆದು, ಎಣ್ಣೆ ಹಚ್ಚಿ, ಬಟ್ಟೆ ಉಡಿಸಿ, ತಲೆಗೆ ಹೂವಿನ ಇಲ್ಲವೆ ಎಲೆಯ ದಂಡೆ ಇಟ್ಟು, ಎತ್ತರದ ಮಂಚದ ಮೇಲೆ ಕಾಲು ಬಾಗಿಲಿನ ಕಡೆಗೆ ಬರುವಂತೆ ಮಲಗಿಸುವ ಕೆಲಸ ಮನೆಯ ಹೆಂಗಸರದು. ‘ಪ್ರೊಥೆಸಿಸ್’ ಎಂದು ಕರೆಯಲಾಗುವ ಈ ದರ್ಶನದ ಹೊತ್ತಿನಲ್ಲಿ ತಾಯಿಯೋ ಹೆಂಡತಿಯೋ ತಲೆಯ ಬಳಿ ನಿಂತು ಹೆಣದ ಗಲ್ಲ ಹಿಡಿದುಕೊಂಡು ಹಾಡುತ್ತಿದ್ದಳು, ಸುತ್ತಲಿನವರು ದನಿಗೂಡಿಸುತ್ತಿದ್ದರು. ಗಂಡಸರು ಸ್ವಲ್ಪ ದೂರದಲ್ಲಿ, ಬಾಗಿಲ ಕಡೆಯಿಂದ, ಬಲಗೈ ಎತ್ತಿ ವಂದಿಸುತ್ತ ಸಾಲಾಗಿ ಬರುತ್ತಿದ್ದರು. ಏಥೆನ್ಸಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಪೂ. 8ನೆಯ ಶತಮಾನದ, ಆಳೆತ್ತರದ ಒಂದು ಮಣ್ಣಿನ ಹೂಜಿ ಇದೆ. ಡಿಪಿಲಾನ್ ಎಂಬ ನಗರದ್ವಾರದ ಬಳಿಯ ಸ್ಮಶಾನದಲ್ಲಿ ಗೋರಿಯ ಗುರುತಾಗಿ ನಿಲ್ಲಿಸಿದ್ದ ಆ ಹೂಜಿಯ ಹಿಡಿಗಳ ನಡುವಿನ ಪಟ್ಟಿಯಲ್ಲಿ, ಕಡ್ಡಿಗೆರೆಯಂಥ ಮೈಗಳು, ತ್ರಿಕೋನದಂಥ ಎದೆಗಳು, ಮಂಚದ ಮೇಲೊಂದು ಶವ, ಸುತ್ತಲೂ ತಲೆಯ ಮೇಲೆ ಕೈ ಹೊತ್ತು ನಿಂತವರು ಕಾಣಿಸುತ್ತಾರೆ. ಕನ್ನಡದಲ್ಲಿ ತಲೆಯ ಮೇಲೆ ಕೈ ಹೊರುವುದು ಇಂದು ಬರಿಯ ನುಡಿಗಟ್ಟು. ಆ ಹೂಜಿಯ ಮೇಲೆ ಅದು ಕೂದಲು ಕಿತ್ತುಕೊಳ್ಳುವ, ಕೆನ್ನೆ ಪರಚಿಕೊಳ್ಳುವ, ಎದೆ ಬಡಿದುಕೊಳ್ಳುವ ಪೂರ್ತಿ ಒಂದು ಕಲೆಯ ಮೊದಲ ಭಂಗಿ.

ಗ್ರೀಕರು ಅಳುವಿನಲ್ಲಿಯೂ ಬಗೆಗಳನ್ನು ಗುರುತಿಸುತ್ತಿದ್ದರು. ಕೂಲಿಗೆ ಬಂದ ಹಾಡುಗಾರರು ಹಾಡುವ ಕಟ್ಟುಹಾಡು ‘ಥ್ರೆನೊಸ್’; ಸತ್ತವನ ರಕ್ತಸಂಬಂಧಿ ಹೆಂಗಸರು ಅವನನ್ನು ಹೆಸರಿಟ್ಟು ಕರೆದು, ತಮಗಾದ ಅನ್ಯಾಯವನ್ನೂ ಮುಂದಿನ ಗತಿಯನ್ನೂ ಎತ್ತಿ ಹಾಡುವುದು ‘ಗೂಸ್’. ಹೋಮರನ ‘ಇಲಿಯಡ್’ ಮಹಾಕಾವ್ಯದ ಕೊನೆಯ ಕಾಂಡದಲ್ಲಿ ಹೆಕ್ಟರನ ಹೆಣದ ಸುತ್ತ ಮೂವರು ಹೆಂಗಸರು ಸರದಿಯ ಮೇಲೆ ಹೀಗೆ ಹಾಡುತ್ತಾರೆ. ಈ ಎರಡನೆಯ ಬಗೆಯ ಅಳುವಿನಲ್ಲಿ ದುಃಖದ ಜೊತೆಗೆ ಆರೋಪವೂ ಇರುತ್ತದೆ. ಕೊಂದವನ ಹೆಸರು ಅಲ್ಲಿ ಬರುತ್ತದೆ, ಕೇಳುತ್ತ ನಿಂತ ಗಂಡುಮಕ್ಕಳಿಗೆ ಸೇಡಿನ ನೆನಪು ಮೂಡುತ್ತದೆ. ಕುಲಕುಲಗಳ ನಡುವಿನ ರಕ್ತವೈರದಿಂದ ಬಸವಳಿದಿದ್ದ ಒಂದು ನಗರಕ್ಕೆ ಇಂಥ ಹಾಡು ಉರಿಯುವ ಕೊಳ್ಳಿಯಂತೆ ಕಂಡದ್ದು ಸಹಜ.

ಆದ್ದರಿಂದ ಕ್ರಿ.ಪೂ. 594ರಲ್ಲಿ ಏಥೆನ್ಸಿನ ಅಧಿಕಾರ ಹಿಡಿದ ಸೋಲನ್, ಸಾಲ ಮನ್ನಾ, ಆಸ್ತಿಯ ವರ್ಗೀಕರಣ ಮೊದಲಾದ ದೊಡ್ಡ ಸುಧಾರಣೆಗಳ ಸಾಲಿನಲ್ಲಿಯೇ ಹೆಂಗಸರ ಅಳುವಿಗೂ ಕಾನೂನು ಮಾಡಿದನೆಂದು ಜೀವನಚರಿತ್ರಕಾರ ಪ್ಲುಟಾರ್ಕ್ ಬರೆಯುತ್ತಾನೆ. ಮೈ ಪರಚಿಕೊಳ್ಳುವಂತಿಲ್ಲ, ಕಟ್ಟುಹಾಡು ಹಾಡುವಂತಿಲ್ಲ, ಒಬ್ಬರ ಸಾವಿನಲ್ಲಿ ಇನ್ನೊಬ್ಬರ ಹೆಸರೆತ್ತಿ ಅಳುವಂತಿಲ್ಲ, ಗೋರಿಯ ಬಳಿ ಎತ್ತನ್ನು ಬಲಿ ಕೊಡುವಂತಿಲ್ಲ, ಹೆಣದ ಜೊತೆಗೆ ಮೂರಕ್ಕಿಂತ ಹೆಚ್ಚು ಬಟ್ಟೆ ಹೂಳುವಂತಿಲ್ಲ. ಹೆಂಗಸು ಊರಾಚೆ ಹೊರಟರೆ ಮೂರಕ್ಕಿಂತ ಹೆಚ್ಚು ಉಡುಪು, ಒಂದು ಒಬೊಲ್ ನಾಣ್ಯದ ಬೆಲೆಗಿಂತ ಹೆಚ್ಚಿನ ಊಟ, ಒಂದು ಮೊಳಕ್ಕಿಂತ ದೊಡ್ಡ ಬುಟ್ಟಿ ಒಯ್ಯಕೂಡದು, ರಾತ್ರಿಯಾದರೆ ದೀಪವಿರುವ ಗಾಡಿಯಲ್ಲಿಯೇ ಹೋಗಬೇಕು ಎಂಬಷ್ಟರವರೆಗೆ ಆ ಕಾನೂನು ಇಳಿದಿತ್ತು. ವಾಗ್ಮಿ ಡೆಮೊಸ್ತನೀಸನ ಹೆಸರಿನ ಒಂದು ನ್ಯಾಯಾಲಯದ ಭಾಷಣದಲ್ಲಿ ಇದೇ ಸೋಲನನದೆಂದು ಹೇಳಲಾದ ಇನ್ನಷ್ಟು ನಿಯಮಗಳು ಸಿಗುತ್ತವೆ: ಶವವನ್ನು ಮನೆಯೊಳಗೇ ಇಡಬೇಕು, ಮಾರನೆಯ ದಿನ ಸೂರ್ಯೋದಯಕ್ಕೆ ಮುಂಚೆ ಎತ್ತಬೇಕು, ಗಂಡಸರು ಮುಂದೆ ಹೆಂಗಸರು ಹಿಂದೆ ನಡೆಯಬೇಕು, ಹತ್ತಿರದ ನಂಟರನ್ನು ಬಿಟ್ಟರೆ 60 ವರ್ಷದೊಳಗಿನ ಯಾವ ಹೆಂಗಸೂ ಸಾವಿನ ಮನೆ ಹೊಗಬಾರದು, ಹೆಣದ ಹಿಂದೆ ಹೋಗಬಾರದು. ಬುಟ್ಟಿಯ ಅಳತೆ ಹಿಡಿಯುವ ಕಾನೂನು ಬುಟ್ಟಿಗೆ ಹೆದರಿ ಹುಟ್ಟಿದ್ದಲ್ಲ ಎಂಬುದು ಸ್ಪಷ್ಟ. ಊರಿನ ಬೀದಿಯಲ್ಲಿ ಹೆಂಗಸರ ಗುಂಪು ಕೂಡಿ, ಎಲ್ಲರಿಗೂ ಕೇಳುವಂತೆ ಬಾಯಿ ತೆರೆಯಬಹುದಾಗಿದ್ದ ಕೆಲವೇ ಸಂದರ್ಭಗಳಲ್ಲಿ ಶವಯಾತ್ರೆ ಒಂದು. ಅದನ್ನು ಬೆಳಕು ಹರಿಯುವ ಮೊದಲೇ ಮುಗಿಸಿಬಿಡುವುದು ಸೋಲನನ ಉಪಾಯ.

ಮುಂದಿನ ಶತಮಾನದಲ್ಲಿ ನಗರ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಯುದ್ಧದಲ್ಲಿ ಸತ್ತವರ ಅಸ್ಥಿಗಳನ್ನು ಮನೆಗಳಿಗೆ ಕೊಡದೆ, ಡೇರೆಯೊಂದರಲ್ಲಿ ದರ್ಶನಕ್ಕಿಟ್ಟು, ಹತ್ತು ಪಂಗಡಗಳಿಗೆ ತಲಾ ಒಂದರಂತೆ ಸೈಪ್ರೆಸ್ ಮರದ ಪೆಟ್ಟಿಗೆಗಳಲ್ಲಿ, ದೇಹ ಸಿಗದವರ ಹೆಸರಿನಲ್ಲಿ ಬರಿದಾದ ಒಂದು ಮಂಚವನ್ನೂ ಹೊತ್ತು, ಸರ್ಕಾರವೇ ಸಮಾಧಿ ಮಾಡತೊಡಗಿತು. ಹೆಂಗಸರಿಗೆ ಗೋರಿಯ ಬಳಿ ಬಂದು ಅಳಲು ಅವಕಾಶವಿತ್ತು. ಆದರೆ ಅಳು ಮುಗಿದ ಮೇಲೆ ಭಾಷಣ, ಭಾಷಣದ ಮೇಲೆ ಮನೆಗೆ ಹೊರಡಿರೆಂಬ ಅಪ್ಪಣೆ. ಪೆರಿಕ್ಲೀಸನ ಪ್ರಸಿದ್ಧ ಮಾತು ಬಂದದ್ದು ಇಂಥ ಒಂದು ಸಂದರ್ಭದಲ್ಲಿಯೇ. ಸತ್ತವನ ಬಗ್ಗೆ ಮಾತನಾಡುವ ಹಕ್ಕು ತಾಯಿಯ ಬಾಯಿಂದ ಜನನಾಯಕನ ಬಾಯಿಗೆ ದಾಟಿಹೋಗಿತ್ತು. ಡಯೊನೈಸಸ್ ಉತ್ಸವದಲ್ಲಿ, ನಾಟಕ ಶುರುವಾಗುವ ಮುನ್ನ, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ಸರ್ಕಾರದ ಖರ್ಚಿನಲ್ಲಿ ಬೆಳೆದ ಹುಡುಗರನ್ನು ಕವಚ ತೊಡಿಸಿ ರಂಗಸ್ಥಳದಲ್ಲಿ ಮೆರವಣಿಗೆ ಮಾಡಿಸುತ್ತಿದ್ದರು. ಆ ಹುಡುಗರು ಹೋಗಿ ಕುಳಿತ ಮೇಲೆ ಅದೇ ನೆಲದ ಮೇಲೆ ಕಪ್ಪು ಬಟ್ಟೆಯ, ಕತ್ತರಿಸಿದ ಕೂದಲಿನ ಹೆಣ್ಣು ಮುಖವಾಡಗಳು ಬರುತ್ತಿದ್ದವು.

ಈಸ್ಕಿಲಸನ ಎರಡು ನಾಟಕಗಳನ್ನು ಇಲ್ಲಿ ಚಿಕ್ಕದಾಗಿ ನೆನೆದರೆ ಸಾಕು. ಕ್ರಿ.ಪೂ. 467ರ ‘ಥೀಬ್ಸಿನ ಮೇಲೆ ಏಳ್ವರು’ ನಾಟಕದಲ್ಲಿ ಮುತ್ತಿಗೆಯ ನಡುವೆ ದೇವರ ವಿಗ್ರಹಗಳನ್ನು ತಬ್ಬಿ ಗೋಳಾಡುವ ಹುಡುಗಿಯರನ್ನು ದೊರೆ ಎಟಿಯೊಕ್ಲೀಸ್ ಗದರಿಸಿ, ಹೊರಗಿನ ಮಾತು ಗಂಡಸಿನದು, ಹೆಣ್ಣು ಒಳಗಿರಲಿ ಎನ್ನುತ್ತಾನೆ. ಸೋಲನನ ಕಾನೂನು ರಂಗದ ಮೇಲೆ ಬಾಯಿ ಬಿಟ್ಟು ಮಾತನಾಡಿದಂತಿದೆ ಅದು. ಅದಕ್ಕೂ ಐದು ವರ್ಷ ಹಿಂದಿನ ‘ಪಾರಸಿಕರು’, ಬಿ.ಎಂ. ಶ್ರೀಕಂಠಯ್ಯನವರ ಮೂಲಕ ಕನ್ನಡಕ್ಕೆ ಬಂದಿರುವ ಕೃತಿ, ಗಂಡಸರೇ ಬಟ್ಟೆ ಹರಿದುಕೊಂಡು ಎದೆ ಬಡಿದುಕೊಳ್ಳುವ ದೃಶ್ಯದೊಂದಿಗೆ ಮುಗಿಯುತ್ತದೆ, ಆದರೆ ಆ ಗಂಡಸರು ಸೋತ ಪರ್ಷಿಯನ್ನರು. ಅಂಕೆ ಮೀರಿದ ಅಳು ಹೆಂಗಸರದು ಇಲ್ಲವೆ ಪರದೇಶದವರದು ಎಂಬ ಏಥೆನ್ಸಿನ ನಂಬಿಕೆಯನ್ನು ಈ ಎರಡು ನಾಟಕಗಳು ಎರಡು ಬದಿಗಳಿಂದ ತೋರಿಸುತ್ತವೆ.

ಸೊಫೊಕ್ಲಿಸನ ‘ಆಂಟಿಗೊನೆ’ ಬಂದದ್ದು ಕ್ರಿ.ಪೂ. 441ರ ಸುಮಾರಿಗೆ, ಪಿ. ಲಂಕೇಶರು ಕನ್ನಡಕ್ಕೆ ತಂದಿರುವುದರಿಂದ ಕಥೆ ಇಲ್ಲಿನ ಓದುಗರಿಗೆ ಹೊಸದಲ್ಲ. ಈಡಿಪಸನ ಇಬ್ಬರು ಗಂಡುಮಕ್ಕಳು ಪರಸ್ಪರ ಕೊಂದುಕೊಂಡಿದ್ದಾರೆ. ಸಿಂಹಾಸನಕ್ಕೆ ಬಂದ ಸೋದರಮಾವ ಕ್ರಿಯೊನ್, ನಗರವನ್ನು ಕಾಯ್ದು ಸತ್ತವನಿಗೆ ಸಂಸ್ಕಾರ, ನಗರದ ಮೇಲೆ ದಂಡೆತ್ತಿ ಬಂದ ಪಾಲಿನೀಕೀಸನ ಹೆಣ ನಾಯಿ ಹದ್ದುಗಳಿಗೆ ಎಂದು ಡಂಗುರ ಸಾರಿಸಿದ್ದಾನೆ. ಇಂದಿನ ಓದುಗನಿಗೆ ಈ ಆಜ್ಞೆ ಕ್ರೂರ ಸರ್ವಾಧಿಕಾರಿಯೊಬ್ಬನ ಹುಚ್ಚಾಟದಂತೆ ತೋರುತ್ತದೆ, ಏಥೆನ್ಸಿನವನಿಗೆ ಹಾಗೆ ತೋರಿರಲಾರದು. ದೇಶದ್ರೋಹಿಗಳನ್ನೂ ದೇವಸ್ಥಾನ ದೋಚಿದವರನ್ನೂ ಅಟಿಕಾ ಪ್ರಾಂತ್ಯದ ಮಣ್ಣಿನಲ್ಲಿ ಹೂಳಬಾರದೆಂಬ ಕಾನೂನು ಅವನ ನಗರದಲ್ಲಿಯೇ ಇತ್ತು. ಪರ್ಷಿಯನ್ನರನ್ನು ಸಲಾಮಿಸಿನ ಕಡಲಿನಲ್ಲಿ ಸೋಲಿಸಿದ ಥೆಮಿಸ್ಟೊಕ್ಲೀಸ್ ಮುಂದೆ ದ್ರೋಹದ ಆರೋಪ ಹೊತ್ತು ಪರದೇಶದಲ್ಲಿ ಸತ್ತಾಗ, ಅವನ ಎಲುಬುಗಳನ್ನು ನಂಟರು ಗುಟ್ಟಾಗಿ ತಂದು ಅಟಿಕಾದಲ್ಲಿ ಹೂಳಿದರೆಂದು ಥ್ಯೂಸಿಡಿಡೀಸ್ ಹೇಳುತ್ತಾನೆ. ಕದ್ದು ಮಣ್ಣು ಮಾಡುವುದು ಹಾಗಾದರೆ ಪುರಾಣದ ಮಾತಷ್ಟೇ ಆಗಿರಲಿಲ್ಲ, ಬದುಕಿದ್ದವರ ನೆನಪಿನಲ್ಲಿದ್ದ ಅಪರಾಧವೂ ಆಗಿತ್ತು. ಕ್ರಿಯೊನ್ ದಾಟಿದ ಗೆರೆ ಬೇರೆ: ಗಡಿಯಾಚೆ ಎಸೆದಿದ್ದರೆ ಯಾರಾದರೂ ಹೂಳಬಹುದಾಗಿದ್ದ ಹೆಣವನ್ನು ಅವನು ಊರ ಮುಂದೆಯೇ ಕಾವಲಿಟ್ಟು ಕೊಳೆಯಿಸಿದ.

ಆಂಟಿಗೊನೆ ಮಾಡಿದ ಕೆಲಸವನ್ನು ಕವಿ ನೇರವಾಗಿ ತೋರಿಸದೆ ಒಬ್ಬ ಕಾವಲುಗಾರನ ಬಾಯಿಂದ, ಕೈ ಕಾಲಿನ ಚಲನೆ ಸಮೇತ, ಹೇಳಿಸುತ್ತಾನೆ. ಮೊದಲ ಸಲ ಹೆಣದ ಮೇಲೆ ತೆಳುವಾದ ಒಣಮಣ್ಣು ಮಾತ್ರ ಕಂಡಿತ್ತು. ಗುದ್ದಲಿಯ ಗುರುತಿಲ್ಲ, ಗಾಡಿಯ ಜಾಡಿಲ್ಲ. ಕಾವಲಿನವರು ಆ ಮಣ್ಣನ್ನು ಗುಡಿಸಿಹಾಕಿ, ವಾಸನೆ ತಾಗದಂತೆ ಗಾಳಿಯ ಮೇಲ್ಬದಿಯ ದಿಬ್ಬದಲ್ಲಿ ಕುಳಿತರು. ನಡುಹಗಲಿನಲ್ಲಿ ಸುಂಟರಗಾಳಿ ಎದ್ದಿತು; ಬಹಳ ಹೊತ್ತಿನ ಮೇಲೆ ಅದು ಅಡಗಿ, ಮುಚ್ಚಿದ್ದ ಕಣ್ಣು ತೆರೆದಾಗ ಹುಡುಗಿ ಅಲ್ಲಿದ್ದಳು. ಬರಿದಾದ ಗೂಡನ್ನು ಕಂಡ ಹಕ್ಕಿಯ ಹಾಗೆ ಕೂಗಿದಳು, ಬೊಗಸೆಯಲ್ಲಿ ಮಣ್ಣು ತಂದಳು, ಕಂಚಿನ ಗಿಂಡಿಯನ್ನು ಎತ್ತಿ ಮೂರು ಸಲ ಧಾರೆ ಎರೆದಳು. ಈ ಗಿಂಡಿಯ ವಿವರ ಗಮನಿಸಬೇಕಾದದ್ದು. ರೋಷದಲ್ಲಿ ಓಡಿ ಬಂದವಳ ಕೈಯಲ್ಲಿ ಗಿಂಡಿ ಇರುವುದಿಲ್ಲ. ಇವಳು ಪದ್ಧತಿ ಬಲ್ಲವಳು, ಮನೆಯಿಂದಲೇ ಪಾತ್ರೆ ಹಿಡಿದು ಹೊರಟವಳು. ತಂದೆತಾಯಿಯರಿಗೂ ಇನ್ನೊಬ್ಬ ಅಣ್ಣನಿಗೂ ತನ್ನ ಕೈಯಾರೆ ಮೀಯಿಸಿ ತರ್ಪಣ ಎರೆದವಳು ತಾನೇ ಎಂದು ಆಮೇಲೆ ಅವಳು ನೆನೆಯುತ್ತಾಳೆ. ಮನೆಯಲ್ಲಿ ಸತ್ತವರನ್ನೆಲ್ಲ ಕಳಿಸಿಕೊಟ್ಟವಳಿಗೆ ಈ ಒಂದು ಹೆಣ ಬಾಕಿ ಇತ್ತು.

ತಂದೆ ಅಣ್ಣಂದಿರು ಇಲ್ಲದ ಈ ಹುಡುಗಿಗೆ ಕ್ರಿಯೊನ್ ಬರಿಯ ದೊರೆಯಲ್ಲ. ಏಥೆನ್ಸಿನ ಲೆಕ್ಕದಲ್ಲಿ ನೋಡಿದರೆ ಅವಳ ಯಜಮಾನನೂ ಅವನೇ, ಭಾವೀ ಮಾವನೂ ಅವನೇ. ಆದ್ದರಿಂದ ಒಂದು ಹಿಡಿ ಮಣ್ಣಿನಲ್ಲಿ ಅವಳು ರಾಜ್ಯ ಮತ್ತು ಮನೆ ಎರಡರ ಒಡೆತನಕ್ಕೂ ಏಟು ಕೊಟ್ಟಳು. ಹೆಣ್ಣಾಗಿ ಹುಟ್ಟಿದವರು ಗಂಡಸರೊಂದಿಗೆ ಕಾದಾಡಲಾರರು ಎಂದು ತಂಗಿ ಇಸ್ಮೀನೆ ಹಿಂಜರಿಯುತ್ತಾಳೆ. ಇವಳನ್ನು ಶಿಕ್ಷಿಸದೆ ಬಿಟ್ಟರೆ ಗಂಡಸು ಇವಳೇ, ತಾನಲ್ಲ ಎಂದು ಕ್ರಿಯೊನ್ ಕುದಿಯುತ್ತಾನೆ. ಕಾನೂನು ಮುರಿದದ್ದಕ್ಕಿಂತ ಹೆಣ್ಣಿನಿಂದ ಸೋಲುವ ಅವಮಾನವೇ ಅವನನ್ನು ಹೆಚ್ಚು ಕಾಡುತ್ತದೆ, ಮಗ ಹೀಮೊನನಿಗೆ ಹೇಳುವ ಬುದ್ಧಿಮಾತಿನಲ್ಲಿಯೂ ಅದೇ ರಾಗ. ಮೇಳದ ಹಿರಿಯರು ಅವಳಿಗೆ ಬಳಸುವ ‘ಅವ್ಟೊನೊಮೊಸ್’ ಎಂಬ ಪದ, ತನ್ನ ಕಟ್ಟಳೆಯನ್ನು ತಾನೇ ಮಾಡಿಕೊಂಡದ್ದು ಎಂಬರ್ಥದ್ದು, ರಾಜಕೀಯದ ಮಾತಿನಲ್ಲಿ ಸ್ವತಂತ್ರ ನಗರಗಳಿಗೆ ಸಲ್ಲುವಂಥದು. ಆದರೆ ಅವಳು ಗಂಡಸಿನ ಯಾವ ಕೆಲಸವನ್ನೂ ಮಾಡಿರಲಿಲ್ಲ. ಸಾವಿನ ಮನೆಯ ಹೆಣ್ಣು ಮಾಡಬೇಕಾದುದನ್ನೇ ಮಾಡಿದ್ದಳು.

ಅವಳು ಹೇಳುವ ಕಾರಣಗಳಲ್ಲಿ ಒಂದು ಮಾತ್ರ ಓದುಗರನ್ನು ಇರುಸುಮುರುಸು ಮಾಡುತ್ತ ಬಂದಿದೆ. ಸತ್ತವನು ಗಂಡನೋ ಮಗುವೋ ಆಗಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ, ಗಂಡ ಹೋದರೆ ಇನ್ನೊಬ್ಬ, ಮಗು ಹೋದರೆ ಮತ್ತೊಂದು, ತಂದೆತಾಯಿ ಇಲ್ಲದ ಮೇಲೆ ಅಣ್ಣ ಮಾತ್ರ ಮತ್ತೆ ಹುಟ್ಟಿ ಬರಲಾರ ಎಂಬ ಆ ತರ್ಕ, ಹೆರೊಡೊಟಸ್ ತನ್ನ ಇತಿಹಾಸದಲ್ಲಿ ಇಂಟಫೆರ್ನಿಸ್ ಎಂಬ ಪರ್ಷಿಯನ್ ಗಣ್ಯನ ಹೆಂಡತಿಯ ಬಾಯಲ್ಲಿ ಆಡಿಸುವ ತರ್ಕವೇ. ಯಾರಾದರೂ ಪಂಡಿತರು ಈ ಸಾಲುಗಳು ಪ್ರಕ್ಷಿಪ್ತವೆಂದು ಸಾಧಿಸಿದರೆ ಚೆನ್ನಾಗಿತ್ತೆಂದು ಜರ್ಮನಿಯ ಕವಿ ಗೊಯಥೆ ಆಸೆಪಟ್ಟಿದ್ದನು. ಆದರೆ ಅರಿಸ್ಟಾಟಲನು ಅವನ್ನು ನಾಟಕದ ಭಾಗವಾಗಿಯೇ ಉಲ್ಲೇಖಿಸಿದ್ದಾನೆ. ಸಾವಿನ ಮನೆಯ ಹಾಡು ಕೇಳಿ ಬಲ್ಲವರಿಗೆ ಈ ಲೆಕ್ಕ ಅಷ್ಟೇನೂ ವಿಚಿತ್ರವೆನಿಸದು. ಅಂಥ ಹಾಡಿನಲ್ಲಿ ಹೋದವನು ಯಾರಿಗಿಂತ ಹೆಚ್ಚು, ಯಾರ ಜಾಗವನ್ನು ಯಾರು ತುಂಬಿಯಾರು ಎಂಬ ಹೋಲಿಕೆ ಬಂದೇ ಬರುತ್ತದೆ. ಅವಳು ಅಲ್ಲಿ ಕೇವಲ ವಾದಿಸುತ್ತಿಲ್ಲ, ತನಗಾಗಿ ಅಳುವವರು ಯಾರೂ ಇಲ್ಲದ್ದರಿಂದ ತನ್ನ ಅಳುವನ್ನು ತಾನೇ ಹಾಡಿಕೊಳ್ಳುತ್ತಿದ್ದಾಳೆ. ಅದನ್ನೂ ಕ್ರಿಯೊನ್ ತಡೆಯುತ್ತಾನೆ. ಅಳುವುದರಿಂದ ಸಾವು ಮುಂದಕ್ಕೆ ಹೋಗುವುದಾದರೆ ಯಾರೂ ಹಾಡು ನಿಲ್ಲಿಸುತ್ತಿರಲಿಲ್ಲ ಎಂದು ಚುಚ್ಚಿ, ಬಂಡೆಯ ಗವಿಯಲ್ಲಿ ಅವಳನ್ನು ಜೀವಂತ ಮುಚ್ಚಿಸುತ್ತಾನೆ.

ಸೊಫೊಕ್ಲಿಸ್ ಕೊಡುವ ತೀರ್ಪು ಕೊನೆಯ ಭಾಗದ ಘಟನೆಗಳಲ್ಲಿದೆ. ಸತ್ತವನನ್ನು ಮೇಲೆ ಬಿಟ್ಟು ಬದುಕಿದ್ದವಳನ್ನು ಕೆಳಗೆ ಹಾಕಿದೆ ಎಂದು ಕುರುಡ ಕಣಿಗಾರ ಟೈರೀಸಿಯಸ್ ಎಚ್ಚರಿಸಿದ ಮೇಲೆ ಕ್ರಿಯೊನ್ ಬೆದರಿ ಓಡುತ್ತಾನೆ, ಆದರೆ ಗವಿಗೆ ಹೋಗುವ ಮೊದಲು ಪಾಲಿನೀಕೀಸನ ಬಳಿಗೆ ಹೋಗುತ್ತಾನೆ. ನಾಯಿಗಳು ಹರಿದು ಉಳಿಸಿದ್ದನ್ನು ತೊಳೆದು, ಆಗಷ್ಟೇ ಮುರಿದ ಕೊಂಬೆಗಳಿಂದ ಸುಟ್ಟು, ತಾಯ್ನೆಲದ ಮಣ್ಣಿನ ದಿಬ್ಬ ಎಬ್ಬಿಸುವ ಕೆಲಸವನ್ನು ದೊರೆ ಮತ್ತು ಅವನ ಆಳುಗಳು ಮಾಡುತ್ತಾರೆ. ಹುಡುಗಿಯನ್ನು ಅವಳ ಪಾಡಿಗೆ ಬಿಟ್ಟಿದ್ದರೆ ಆಗುತ್ತಿದ್ದ ಕೆಲಸಕ್ಕಿಂತ ಹೆಚ್ಚಿನದನ್ನು ಅವರು ಮಾಡಬೇಕಾಯಿತು, ಅಷ್ಟರಲ್ಲಿ ಗವಿಯಲ್ಲಿ ಅವಳು ನೇಣು ಹಾಕಿಕೊಂಡಿದ್ದಳು. ಹೀಮೊನನೂ ರಾಣಿ ಯೂರಿಡಿಸಿಯೂ ಸತ್ತ ಮೇಲೆ, ಮಗನ ಹೆಣದೊಂದಿಗೆ ರಂಗಕ್ಕೆ ಬಂದು ನಾಟಕ ಮುಗಿಯುವವರೆಗೂ ಹಾಡಿ ಹಾಡಿ ಅಳುವವನು ಕ್ರಿಯೊನ್. ಹಾಡನ್ನು ಹೀಗಳೆದವನಿಗೆ ಉಳಿದದ್ದು ಹಾಡೊಂದೇ.

ಹೆಣದ ಮೇಲಿನ ಹಕ್ಕನ್ನು ಬೇರೆ ದಿಕ್ಕಿಗೆ ತಿರುಗಿಸಿದವಳು ಈಸ್ಕಿಲಸನ ನಾಟಕದ ರಾಣಿ ಕ್ಲೈಟೆಮ್ನೆಸ್ಟ್ರಾ. ಕ್ರಿ.ಪೂ. 458ರಲ್ಲಿ ಮೊದಲ ಬಹುಮಾನ ಪಡೆದ ‘ಒರೆಸ್ಟಿಯಾ’ ನಾಟಕತ್ರಯದ ಮೊದಲ ಸಾಲುಗಳಲ್ಲಿಯೇ ಕಾವಲುಗಾರನೊಬ್ಬನು ಇವಳದು ಗಂಡಸಿನಂತೆ ಯೋಚಿಸುವ ಎದೆಯೆಂದು ಹೇಳುತ್ತಾನೆ. ಟ್ರಾಯ್ ಬಿದ್ದ ಸುದ್ದಿ ಈಡಾ ಬೆಟ್ಟದಿಂದ ಲೆಮ್ನೊಸ್ ದ್ವೀಪಕ್ಕೆ, ಅಲ್ಲಿಂದ ಏಥೊಸ್ ಶಿಖರಕ್ಕೆ, ಹೀಗೆ ಬೆಂಕಿಯಿಂದ ಬೆಂಕಿಗೆ ನೆಗೆದು ಒಂದೇ ರಾತ್ರಿಯಲ್ಲಿ ಆರ್ಗೊಸಿಗೆ ಬಂದ ಬಗೆಯನ್ನು ಅವಳು ಸೇನಾಪತಿಯ ನಕ್ಷೆಯಂತೆ ಬಿಡಿಸಿಟ್ಟರೂ ಮೇಳದ ಹಿರಿಯರು ಹೆಂಗಸರ ಸುದ್ದಿಯೆಂದು ಅನುಮಾನಿಸುತ್ತಾರೆ. ಮಗಳು ಇಫಿಜೆನಿಯಾಳನ್ನು ಬಲಿಕೊಟ್ಟ ಗಂಡನನ್ನು ಅವಳು ಸ್ನಾನದ ತೊಟ್ಟಿಯಲ್ಲಿ, ಬಲೆಯಂಥ ನಿಲುವಂಗಿಯಲ್ಲಿ ಸಿಲುಕಿಸಿ, ಮೂರು ಸಲ ಹೊಡೆದು ಕೊಲ್ಲುತ್ತಾಳೆ. ಊಟದ ಕೂಟಗಳಲ್ಲಿ ಮೂರನೆಯ ಧಾರೆ ರಕ್ಷಕ ಜ್ಯೂಸ್ ದೇವರಿಗೆ ಸಲ್ಲುವ ಪದ್ಧತಿ, ಅವಳ ಮೂರನೆಯ ಹೊಡೆತ ಪಾತಾಳದ ಜ್ಯೂಸನಿಗೆ. ಮೀಯಿಸುವುದು, ಉಡಿಸುವುದು, ಎರೆಯುವುದು: ಸಾವಿನ ಮನೆಯ ಮೂರು ಕೆಲಸಗಳೂ ಇಲ್ಲಿ ಸಾವಿಗೆ ಮೊದಲೇ ನಡೆದುಹೋಗುತ್ತವೆ. ಹಿರಿಯರು ಈಗ ಯಾರು ಹೂಳುವವರು, ಯಾರು ಅಳುವವರು ಎಂದು ಕೇಳಿದಾಗ, ಹೂಳುವವರು ತಾವೇ, ಮನೆಯವರ ಅಳು ಇರುವುದಿಲ್ಲ, ಅಪ್ಪನನ್ನು ಎದುರುಗೊಳ್ಳಲು ಮಗಳು ಕೆಳಲೋಕದ ಹೊಳೆಯ ದಡದಲ್ಲಿ ಕಾದಿದ್ದಾಳೆ ಎಂದು ಅವಳು ಉತ್ತರಿಸುತ್ತಾಳೆ. ಕೊಲೆಗಿಂತ ಈ ಮಾತು ಹೆಚ್ಚು ತಣ್ಣಗಿದೆ.

ಅಳುವನ್ನು ಕಸಿದುಕೊಂಡವಳಿಗೆ ಅಳುವಿನಿಂದಲೇ ಮುಳುವಾಗುತ್ತದೆ. ನಾಟಕತ್ರಯದ ಎರಡನೆಯ ಭಾಗಕ್ಕೆ ‘ತರ್ಪಣ ಹೊತ್ತವರು’ ಎಂದೇ ಹೆಸರು. ತನ್ನ ಮೊಲೆಗೆ ಹಾವು ಬಾಯಿ ಹಾಕಿದ ಕನಸು ಕಂಡು ಹೆದರಿದ ಕ್ಲೈಟೆಮ್ನೆಸ್ಟ್ರಾ, ಗಂಡನ ಗೋರಿಗೆ ಧಾರೆ ಎರೆದು ಬರುವಂತೆ ಮಗಳು ಎಲೆಕ್ಟ್ರಾಳನ್ನೂ ಕಪ್ಪುಬಟ್ಟೆಯ ದಾಸಿಯರನ್ನೂ ಕಳಿಸುತ್ತಾಳೆ. ಆ ದಾಸಿಯರ ಕೆನ್ನೆಗಳಲ್ಲಿ ಉಗುರಿನ ಹೊಸ ಗೀರುಗಳಿವೆ. ಸೋಲನ್ ನಿಷೇಧಿಸಿದ್ದನ್ನು ಮೇಳ ಮುಖದ ಮೇಲೆಯೇ ಬರೆದುಕೊಂಡು ಬರುತ್ತದೆ. ಪ್ರೀತಿಯ ಹೆಂಡತಿ ಪ್ರೀತಿಯ ಗಂಡನಿಗೆ ಕಳಿಸಿದ್ದಿದು ಎಂದು ಹೇಳಲೋ ಎಂದು ಎಲೆಕ್ಟ್ರಾ ಗಿಂಡಿ ಹಿಡಿದು ತಡವರಿಸಿದಾಗ, ಕೊಂದವರನ್ನು ಕೊಲ್ಲುವವನು ಬರಲೆಂದು ಬೇಡಿಕೊ ಎಂದು ಹೇಳಿಕೊಡುವವರು ಅವರು. ಮುಂದೆ ಎಲೆಕ್ಟ್ರಾ, ಅವಳ ತಮ್ಮ ಒರೆಸ್ಟಿಸ್ ಮತ್ತು ಮೇಳ ಕೂಡಿ ಗೋರಿಯ ಮುಂದೆ ಹಾಡುವ ಹಾಡು ‘ಕೊಮ್ಮೊಸ್’, ಅಂದರೆ ಎದೆಬಡಿತದ ಹಾಡು, ನೂರೈವತ್ತಕ್ಕೂ ಹೆಚ್ಚು ಸಾಲುಗಳದು. ಅಪ್ಪನ ಕೈಕಾಲು ಕತ್ತರಿಸಿ ಹೂಳಿದ್ದರೆಂಬ ಸಂಗತಿ ಒರೆಸ್ಟಿಸನಿಗೆ ತಿಳಿಯುವುದು ಈ ಹಾಡಿನ ಒಳಗೇ. ಅಳು ಮುಗಿಯುವ ಹೊತ್ತಿಗೆ ತಾಯಿಯನ್ನು ಕೊಲ್ಲುವ ತೀರ್ಮಾನ ಗಟ್ಟಿಯಾಗಿರುತ್ತದೆ. ಸೋಲನ್ ಏತಕ್ಕೆ ಹೆದರಿದ್ದನೆಂಬುದನ್ನು ಈ ದೃಶ್ಯದಷ್ಟು ಚೆನ್ನಾಗಿ ಯಾವ ಕಾನೂನು ಪುಸ್ತಕವೂ ವಿವರಿಸಲಾರದು.

ಇದೇ ಕಥೆಯನ್ನು ಸೊಫೊಕ್ಲಿಸ್ ‘ಎಲೆಕ್ಟ್ರಾ’ ನಾಟಕದಲ್ಲಿ ಎತ್ತಿಕೊಂಡಾಗ ಅಳುವೇ ಪೂರ್ತಿ ಕ್ರಿಯೆಯಾಗಿಬಿಟ್ಟಿತು. ಇವಳ ಕೈಯಲ್ಲಿ ಆಯುಧವಿಲ್ಲ, ಸಂಚಿಲ್ಲ. ವರ್ಷಗಟ್ಟಲೆ ಅರಮನೆಯ ಬಾಗಿಲಲ್ಲಿ ನಿಂತು ಅಪ್ಪನ ಹೆಸರು ಹಿಡಿದು ಅಳುವುದೊಂದೇ ಅವಳ ವಿರೋಧ, ಆಳುವವರಿಗೆ ಅದು ಸಾಕಾಗಿಹೋಗಿದೆ. ಅಳು ನಿಲ್ಲಿಸದಿದ್ದರೆ ಬೆಳಕು ಕಾಣದ ನೆಲಮಾಳಿಗೆಯಲ್ಲಿ ಕೂಡಿಹಾಕುವ ಯೋಜನೆಯಾಗಿದೆ ಎಂದು ತಂಗಿ ಕ್ರಿಸೊಥೆಮಿಸ್ ಬಂದು ತಿಳಿಸುತ್ತಾಳೆ.

ಯೂರಿಪಿಡೀಸನ ‘ಮೊರೆಯಿಟ್ಟವರು’ ನಾಟಕದ ಹಿಂದೆ ನಿಜವಾದ ಹೆಣಗಳಿವೆ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಕ್ರಿ.ಪೂ. 424ರಲ್ಲಿ ಡೀಲಿಯಮ್ ಕದನದಲ್ಲಿ ಏಥೆನ್ಸಿನ ಕಡೆ ಸುಮಾರು 1000 ಪದಾತಿಗಳು ಸತ್ತರು. ಗೆದ್ದ ಥೀಬ್ಸ್ ಕಡೆಯವರು ಅವರ ಶವಗಳನ್ನು ಕೊಡದೆ ಸತಾಯಿಸಿ, ಸುಮಾರು 17ನೆಯ ದಿನಕ್ಕೆ ಬಿಟ್ಟುಕೊಟ್ಟರು. ನಾಟಕದಲ್ಲಿ ಥೀಬ್ಸಿನ ಮೇಲೆ ಹೋಗಿ ಸತ್ತ ಆರ್ಗೊಸಿನ ನಾಯಕರ ತಾಯಂದಿರು ಹೆಣಗಳಿಗಾಗಿ ಮೊರೆಯಿಡುತ್ತಾರೆ. ಏಥೆನ್ಸಿನ ದೊರೆ ಥೀಸಿಯಸ್ ಮೊದಲು ಒಪ್ಪುವುದಿಲ್ಲ, ಹೆಂಗಸು ಮಾತನಾಡಬಾರದೆಂಬುದನ್ನು ತಿಳಿದೂ ಬಾಯಿ ತೆರೆದ ತಾಯಿ ಈಥ್ರಾಳ ಮಾತಿಗೆ ಬಗ್ಗುತ್ತಾನೆ. ಯುದ್ಧ ಗೆದ್ದು ಹೆಣಗಳನ್ನು ತಂದು ಸ್ವತಃ ಅವುಗಳ ಗಾಯ ತೊಳೆಯುತ್ತಾನೆಂದು ದೂತ ಬೆರಗಿನಿಂದ ವರ್ಣಿಸುತ್ತಾನೆ. ಆದರೆ ತಾಯಂದಿರನ್ನು ಹೆಣದ ಹತ್ತಿರಕ್ಕೆ ಬಿಡುವುದಿಲ್ಲ, ಕೆಟ್ಟುಹೋದ ಮೈಗಳನ್ನು ನೋಡಿದರೆ ತಡೆಯಲಾರರು ಎಂಬುದು ಕಾರಣ. ಕರುಣೆಯ ಮಾತೇ ಸರಿ, ಸರ್ಕಾರಿ ಸಮಾಧಿಯ ಮಾತೂ ಹೌದು. ಆಗಲೇ ಬಂಡೆಯ ಮೇಲೆ ಮದುವಣಗಿತ್ತಿಯ ಉಡುಪಿನಲ್ಲಿ ಇವಾಡ್ನಿ ಕಾಣಿಸಿಕೊಂಡು, ತಂದೆ ಕೂಗುತ್ತಿರುವಂತೆಯೇ ಗಂಡನ ಚಿತೆಗೆ ಹಾರುತ್ತಾಳೆ. ಕನ್ನಡ ಓದುಗನಿಗೆ ಇಲ್ಲಿ ಸಹಗಮನ ನೆನಪಾಗುವುದು ಸ್ವಾಭಾವಿಕ, ಆದರೆ ಏಥೆನ್ಸಿನಲ್ಲಿ ಅಂಥ ಪದ್ಧತಿಯಿರಲಿಲ್ಲ. ಅಚ್ಚುಕಟ್ಟಾಗಿ ನಡೆಯುತ್ತಿದ್ದ ಸರ್ಕಾರಿ ಅಂತ್ಯಕ್ರಿಯೆಯನ್ನು ಹೆಣ್ಣಿನ ದುಃಖ ಸೀಳಿಕೊಂಡು ಬಂದ ಘಳಿಗೆಯಾಗಿ ಅದನ್ನು ಅಲ್ಲಿನ ಪ್ರೇಕ್ಷಕರು ಕಂಡಿರಬೇಕು.

ಕ್ರಿ.ಪೂ. 431ರಲ್ಲಿ, ಸ್ಪಾರ್ಟಾದೊಂದಿಗಿನ ದೊಡ್ಡ ಯುದ್ಧ ಶುರುವಾದ ವರ್ಷ, ಸ್ಪರ್ಧೆಯಲ್ಲಿ ಕೊನೆಯ ಸ್ಥಾನ ಪಡೆದ ಯೂರಿಪಿಡೀಸನ ನಾಟಕಗಳ ಗುಂಪಿನಲ್ಲಿ ‘ಮೀಡಿಯಾ’ ಇತ್ತು. ಒಮ್ಮೆ ಹೆರುವುದಕ್ಕಿಂತ ಮೂರು ಸಲ ಗುರಾಣಿ ಹಿಡಿದು ರಣದಲ್ಲಿ ನಿಲ್ಲುವುದು ಮೇಲು ಎಂಬ ಅವಳ ಮಾತು ಪ್ರಸಿದ್ಧ. ಪರದೇಶದ ಹೆಂಡತಿಯನ್ನು ಬಿಟ್ಟು ಕಾರಿಂಥ್ ದೊರೆಯ ಮಗಳನ್ನು ಕಟ್ಟಿಕೊಂಡ ಜೇಸನ್‌ನ ಲೆಕ್ಕಾಚಾರ, ತಂದೆತಾಯಿ ಇಬ್ಬರೂ ಏಥೆನ್ಸಿನವರಾಗಿದ್ದರಷ್ಟೇ ಮಗನಿಗೆ ಪೌರತ್ವ ಎಂಬ ಕ್ರಿ.ಪೂ. 451ರ ಕಾನೂನಿನಡಿ ಬದುಕುತ್ತಿದ್ದ ಪ್ರೇಕ್ಷಕರಿಗೆ ಚೆನ್ನಾಗಿ ಅರ್ಥವಾಗುವಂಥದೇ. ಮೀಡಿಯಾಳ ಮಕ್ಕಳನ್ನು ಕಾರಿಂಥಿನವರು ಕೊಂದರೆಂಬ ಕಥೆಗಳೂ ಇದ್ದವು. ಈ ನಾಟಕದಲ್ಲಿ ತಾಯಿಯೇ ಕೊಲ್ಲುತ್ತಾಳೆ. ಕೊಲೆಯ ಭೀಕರತೆಯಲ್ಲಿ ಕೊನೆಯ ಜಗಳ ಓದುಗರ ಗಮನ ತಪ್ಪಿಸಿಕೊಳ್ಳುತ್ತದೆ, ಅದು ಹೆಣಗಳ ಮೇಲಿನ ಜಗಳ. ಹೂಳಿ ಅಳುವುದಕ್ಕಾದರೂ ಕೊಡು, ಮೈ ಮುಟ್ಟುವುದಕ್ಕಾದರೂ ಬಿಡು ಎಂದು ತಂದೆ ಬೇಡುತ್ತಾನೆ. ಸೂರ್ಯನ ರಥದಲ್ಲಿ ಮೇಲೇರಿದ ಮೀಡಿಯಾ, ಹೀರಾ ದೇವಿಯ ಗುಡಿಯ ಅಂಗಳದಲ್ಲಿ ತಾನೇ ತನ್ನ ಕೈಯಿಂದ ಹೂಳುವುದಾಗಿ ಹೇಳಿ, ಕಾರಿಂಥಿನವರು ಆ ಮಕ್ಕಳಿಗೆ ವರ್ಷವರ್ಷವೂ ನಡೆಸಬೇಕಾದ ವಿಧಿಯನ್ನೂ ಕಟ್ಟಳೆ ಮಾಡಿ ಹೋಗುತ್ತಾಳೆ.

ಈ ಕವಿಗಳನ್ನು ಸ್ತ್ರೀಪರರೆಂದು ಕರೆಯುವುದು ಅವಸರದ ಮಾತಾದೀತು. ‘ಒರೆಸ್ಟಿಯಾ’ದ ಕೊನೆಯಲ್ಲಿ ತಾಯಿ ಹೆತ್ತವಳೇ ಅಲ್ಲ, ಬೀಜವನ್ನು ಕಾಪಾಡುವ ಆತಿಥೇಯಳು ಮಾತ್ರ ಎಂಬ ವಾದದ ಆಸರೆಯಿಂದ ಒರೆಸ್ಟಿಸ್ ಬಿಡುಗಡೆಯಾಗುತ್ತಾನೆ. ‘ಆಂಟಿಗೊನೆ’ಯ ಬಗ್ಗೆ ನೂರು ವರ್ಷಗಳ ಆಚೆಯ ಏಥೆನ್ಸಿನ ಅಭಿಪ್ರಾಯವೂ ಇಂದಿನಂತಿರಲಿಲ್ಲ, ಕ್ರಿ.ಪೂ. 343ರಲ್ಲಿ ಡೆಮೊಸ್ತನೀಸ್, ಹಿಂದೆ ನಟನಾಗಿ ಕ್ರಿಯೊನನ ಪಾತ್ರ ಮಾಡಿದ್ದ ತನ್ನ ಎದುರಾಳಿ ಈಸ್ಕಿನಿಸನನ್ನು ಹಂಗಿಸಲು, ನಾಡನ್ನು ನೆಂಟಸ್ತನಕ್ಕಿಂತ ಮೇಲಾಗಿ ಕಾಣಬೇಕೆಂಬ ಕ್ರಿಯೊನನ ಭಾಷಣವನ್ನೇ ಸದ್ಬುದ್ಧಿಯ ಮಾದರಿಯಾಗಿ ನ್ಯಾಯಾಲಯದಲ್ಲಿ ಓದಿಸಿದನು. ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ಆಗಿಸಿದ ಸೊಫೊಕ್ಲಿಸನ ‘ಏಜಾಕ್ಸ್’ ಮೂಲದಲ್ಲಿಯೂ ಉತ್ತರಾರ್ಧ ಪೂರ್ತಿ ವೈರಿಯ ಹೆಣವನ್ನು ಹೂಳಬೇಕೇ ಬೇಡವೇ ಎಂಬ ಚರ್ಚೆ. ಅಲ್ಲಿ ಚರ್ಚಿಸುವವರು ಗಂಡಸರು, ಮಾತಿನಿಂದಲೇ ಅದು ಬಗೆಹರಿಯುತ್ತದೆ. ಹುಡುಗಿ ಅದೇ ಪ್ರಶ್ನೆ ಎತ್ತಿದಾಗ ಮೂವರು ಸಾಯಬೇಕಾಯಿತು.

ರಂಗದ ಅಳುವಿನ ಅಪಾಯ ಹೆಂಗಸರಿಗಷ್ಟೇ ಸಂಬಂಧಿಸಿದ್ದಲ್ಲವೆಂದು ಗುರುತಿಸಿದವನು ಪ್ಲೇಟೊ. ಮನೆಯಲ್ಲಿ ಸಾವಾದಾಗ ಗಟ್ಟಿಯಾಗಿ ನಿಲ್ಲುವುದೇ ಗಂಡಸುತನ, ಅಳುವುದು ಹೆಂಗಸುತನ ಎಂದು ಹೆಮ್ಮೆಪಡುವ ಸಜ್ಜನರೇ ನಾಟಕದಲ್ಲಿ ವೀರನೊಬ್ಬ ಎದೆ ಬಡಿದುಕೊಂಡರೆ ಸುಖದಿಂದ ಕರಗುತ್ತಾರೆ ಎಂಬುದು ‘ರಿಪಬ್ಲಿಕ್’ ಗ್ರಂಥದಲ್ಲಿ ಅವನು ಮಾಡುವ ದೂರು. ಅದೇ ಶತಮಾನದ ಪೊಲಸ್ ಎಂಬ ಪ್ರಖ್ಯಾತ ನಟನ ಬಗ್ಗೆ ರೋಮಿನ ಲೇಖಕ ಔಲಸ್ ಗೆಲಿಯಸ್ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಪೊಲಸನ ಪ್ರೀತಿಯ ಮಗ ತೀರಿಕೊಂಡಿದ್ದನು. ದುಃಖದ ದಿನಗಳು ಕಳೆದು ಮತ್ತೆ ರಂಗಕ್ಕೆ ಬಂದಾಗ ಅವನಿಗೆ ಸಿಕ್ಕ ಪಾತ್ರ ಸೊಫೊಕ್ಲಿಸನ ಎಲೆಕ್ಟ್ರಾಳದು. ತಮ್ಮನ ಚಿತಾಭಸ್ಮವೆಂದು ನಂಬಿ ಎಲೆಕ್ಟ್ರಾ ಒಂದು ಕರಂಡಿಕೆಯನ್ನು ತಬ್ಬಿ ಹಾಡುವ ದೃಶ್ಯ ಅದರಲ್ಲಿದೆ. ಪೊಲಸ್ ಗೋರಿಗೆ ಹೋಗಿ ಮಗನ ಅಸ್ಥಿಯಿದ್ದ ಕರಂಡಿಕೆಯನ್ನೇ ತೆಗೆದುಕೊಂಡು ಬಂದನು. ಎಲೆಕ್ಟ್ರಾಳ ಶೋಕದ ಉಡುಪು ತೊಟ್ಟು, ಅದನ್ನು ಒರೆಸ್ಟಿಸನದೆಂಬಂತೆ ಎದೆಗೊತ್ತಿಕೊಂಡು ನಿಂತು, ಏಥೆನ್ಸಿನ ಜನ ತುಂಬಿ ಕುಳಿತಿರುವಾಗ ಬಾಯಿ ಬಿಟ್ಟು ಅತ್ತನು.